ಸುಟ್ಟ ನೆಲಕ್ಕೆ ಬಾ

ರಾಮದಾಸರ ಬಾಯಿಗೆ ಹಾಕಬೇಕಾದ ಅಕ್ಕಿಯನ್ನು ಚಂದ್ರಾವತಿ ಮುಷ್ಟಿಯಲ್ಲೇ ಬಿಗಿಹಿಡಿದು ಹಿಂದೆ ಸರಿದರು.

“ಎಂತ ಚಂದ್ರಕ್ಕ, ಹಾಕುದಿಲ್ವಾ?” ಗಂಡನ ತಲೆಯ ಬಳಿ ಕೂತಿದ್ದ ಸುಮಿತ್ರ ಕೇಳಿದರು.

“ಸುಳ್ಳು ಹೇಳಿದ ಬಾಯಿ ಅದು. ನನ್ನ ಕೈ ಹೋಗುದಿಲ್ಲ.”

ಸಾವಿನ ಮನೆಯಲ್ಲಿ ಆಡುವ ಮಾತೇ ಇದು! ತಿರುವನಂತಪುರದಿಂದ ರೈಲು ಹತ್ತಿ ತ್ರಿಪ್ಪುಣಿತ್ತುರಕ್ಕೆ ಬಂದದ್ದು ಇದಕ್ಕೇ? ಸುಮಿತ್ರ ಜಗಳಕ್ಕಿಳಿಯಲಿಲ್ಲ. “ನೀವೊಂದು ಸಲ ನಂಬಬೇಕು ಅಂತ ಕಡೆವರೆಗೂ ಹೇಳ್ತಿದ್ರು,” ಎಂದಷ್ಟೇ ಹೇಳಿ ಹೆಣದ ಹಣೆ ಒರೆಸಿದರು.

*

ಒಂಬತ್ತು ವರ್ಷದ ಹಿಂದೆ, ಇಂಥದ್ದೇ ಮಾರ್ಚಿನಲ್ಲಿ, ಹವಾಮಾನ ಕಚೇರಿಯ ರಾಮದಾಸರೂ ಚಂದ್ರಾವತಿಯ ಗಂಡ, ಬ್ಯಾಂಕಿನ ವಿಠಲರೂ ತಿರುವನಂತಪುರದ ಮೂಡಣ ಬೆಟ್ಟಕ್ಕೆ ಹೋಗಿದ್ದರು. ಇಬ್ಬರೂ ಕಾಸರಗೋಡಿನವರು, ರಜೆ ಬಂತೆಂದರೆ ಗುಡ್ಡ ಹತ್ತುವ ಹುಚ್ಚು. ಮಳೆ ಕಾಣದ ಹುಲ್ಲು ಹಪ್ಪಳದಂತೆ ಒಣಗಿತ್ತು. ಕೆಳಗೆಲ್ಲೋ ಬಿದ್ದ ಬೆಂಕಿಯನ್ನು ಗಾಳಿ ಆಚೆ ಬದಿಗೆ ಒಯ್ಯುತ್ತಿತ್ತು. ಆಮೇಲೆ ಗಾಳಿ ನಿಂತಿತು. ನಿಂತದ್ದು ಇವರ ಕಡೆಗೆ ತಿರುಗಿತು. ಇಳಿಜಾರಿನಲ್ಲಿ ಬೆಂಕಿ ಮೇಲಕ್ಕೆ ಓಡುತ್ತದೆ, ಮನುಷ್ಯನಿಗಿಂತ ಬೇಗ.

“ಬೆಂಕಿ ಒಮ್ಮೆ ತಿಂದ ಜಾಗ ಮತ್ತೆ ತಿನ್ನುದಿಲ್ಲ ಚಂದ್ರಕ್ಕ,” ಎಂದಿದ್ದರು ರಾಮದಾಸ, ಕೈಯ ಬ್ಯಾಂಡೇಜು ಬಿಚ್ಚುವ ಮೊದಲೇ ಮನೆಗೆ ಬಂದು. “ಉರಿ ತೆಳು ಇದ್ದಲ್ಲಿ ಹಾರಿ ಆಚೆ ಬಿದ್ದೆ. ‘ಸುಟ್ಟ ನೆಲಕ್ಕೆ ಬಾ ಮಾರಾಯ’ ಅಂತ ಕೂಗಿದೆ. ಅವ ಮೇಲಕ್ಕೆ ಓಡಿದ.”

ಜೀವದ ಗೆಳೆಯ ಕರೆದರೆ ಬಾರದೆ ಇರುತ್ತಾರೆಯೇ? ಗಂಡನನ್ನು ಉರಿಯಲ್ಲಿ ಸಾಯಲು ಬಿಟ್ಟು ಓಡಿದವನು ಕಟ್ಟಿದ ಕತೆ. ಅಂದಿನಿಂದ ಚಂದ್ರಾವತಿ ರಾಮದಾಸರ ಮನೆಯ ಹೊಸ್ತಿಲು ತುಳಿದಿರಲಿಲ್ಲ.

*

ಚಿತೆ ಹೊತ್ತಿದ ಮೇಲೆ ಚಂದ್ರಾವತಿ ಒಬ್ಬರೇ ದೂರ ಸರಿದು, ಒಣಹುಲ್ಲಿನ ದಿಬ್ಬದಲ್ಲಿ ಗೇರುಮರದ ನೆರಳಿಗೆ ನಿಂತರು. ಅಕ್ಕಿ ಇನ್ನೂ ಮುಷ್ಟಿಯಲ್ಲೇ ಇತ್ತು. ಕೆಳಗೆ, ಚಿತೆಯ ಸುತ್ತ, ಹಳೆಯ ಚಿತೆಗಳ ಬೂದಿ. ಅದನ್ನು ಯಾರೂ ತುಳಿಯುತ್ತಿರಲಿಲ್ಲ.

ಒಂದೆಲೆ ಅಲ್ಲಾಡುತ್ತಿಲ್ಲ. ಕಾಗೆಗಳೂ ಸುಮ್ಮನಾಗಿದ್ದವು. ಹೊಗೆ ಕಂಬದ ಹಾಗೆ ನೆಟ್ಟಗೆ ನಿಂತಿತ್ತು.

“ಕಾಟ್ಟಿಲ್ಲಲ್ಲೋ ಅಮ್ಮೇ,” ಗಾಳಿಯೇ ಇಲ್ಲವಲ್ಲ ಎಂದ, ಕೆಳಗೆ ಸುಮಿತ್ರರ ಪಕ್ಕ ನಿಂತಿದ್ದ ಅವರ ಮಗ ಹೃಷಿಕೇಶ್. ಇಲ್ಲೇ ಬೆಳೆದವನು, ಕನ್ನಡ ಅರ್ಥವಾದರೂ ನಾಲಿಗೆಗೆ ಮಲಯಾಳವೇ ಬರುತ್ತಿತ್ತು.

ಆಗ ಗಾಳಿ ತಿರುಗಿತು. ಕಿಡಿಗಳು ಹಾರಿ ದಿಬ್ಬದ ಬುಡ ಭಗ್ಗೆಂದಿತು. ಕೆಳಗಿದ್ದವರೆಲ್ಲ ಬೂದಿಯ ಮೇಲಕ್ಕೆ ಹಾರಿದರು.

“ಸುಟ್ಟ ನೆಲಕ್ಕೆ ಬಾ ಮಾರಾಯ!”

ಕಿವಿಗೆ ಸ್ಪಷ್ಟವಾಗಿ ಕೇಳಿತು. ಕಾಲಿಗೆ ಕೇಳಲಿಲ್ಲ. ಬೆಂಕಿಯ ಕಡೆಗೆ ಯಾವ ಕಾಲು ಹೋದೀತು? ಅವು ತಮ್ಮಷ್ಟಕ್ಕೆ ದಿಬ್ಬ ಹತ್ತುತ್ತಿದ್ದವು. ಮೊಣಕಾಲೆತ್ತರದ ಉರಿ ದಾಟಿ ಬಂದ ಸುಮಿತ್ರ ಸೆರಗು ಹಿಡಿದೆಳೆದು, ಅದೇ ಉರಿ ದಾಟಿಸಿ ಅವರನ್ನು ಕೆಳಗಿನ ಬೂದಿಯ ಮೇಲೆ ಕೆಡವಿದರು. ನೋಡುತ್ತಿದ್ದಂತೆ ದಿಬ್ಬ ತುದಿಯವರೆಗೂ ಕಪ್ಪಾಯಿತು.

“ಕೂಗಿದ್ದು ನೀನಾ?” ಏದುಸಿರಿನಲ್ಲೇ ಚಂದ್ರಾವತಿ ಹೃಷಿಕೇಶನನ್ನು ಕೇಳಿದರು. ಅವನು ಇಲ್ಲವೆಂದು ತಲೆಯಾಡಿಸಿದ.

“ಯಾರೂ ಕೂಗ್ಲಿಲ್ಲ ಚಂದ್ರಕ್ಕ,” ಎಂದರು ಸುಮಿತ್ರ. “ನೀವು ಮೇಲೆ ಓಡುದು ಕಂಡು ನಾನೇ ಬಂದೆ.”

ಚಂದ್ರಾವತಿ ಬೂದಿ ಮೆತ್ತಿದ ತಮ್ಮ ಕಾಲುಗಳನ್ನೇ ನೋಡಿದರು. “ಅಯ್ಯೋ, ದಾಸಣ್ಣ...” ಎಂದು ಗಟ್ಟಿಯಾಗಿ ಅತ್ತರು. ಎದ್ದು, ಬೂದಿ ತುಳಿಯುತ್ತಲೇ ಚಿತೆಯ ಹತ್ತಿರ ಹೋಗಿ ಮುಷ್ಟಿ ಬಿಚ್ಚಿದರು. ಬೆವರಿಗೆ ಅಂಟಿದ್ದ ಅಕ್ಕಿಯನ್ನು ಕೆರೆದು ಕೆರೆದು, ಉರಿಯಲ್ಲಿ ಬಾಯಿ ಇರಬಹುದಾದ ಕಡೆಗೆ ಹಾಕತೊಡಗಿದರು.