ಮೇಜು ಮಾರಿದ ಜಾಮ್

ನಮ್ಮ ಅಜ್ಜಂದಿರು ಕುರಿ ಮೇಯಿಸಿದ ಲ್ಯಾಂಕಾಶೈರಿನ ಗುಡ್ಡಕ್ಕೆ ತಂತಿ ಸುತ್ತಿ, 'ಖಾಸಗಿ' ಎಂದು ಹಲಗೆ ನೆಟ್ಟವರನ್ನು ಯಾವ ಕೋರ್ಟೂ ಕರೆದು ಕೇಳಲಿಲ್ಲ. ಅದೇ ಗುಡ್ಡದಲ್ಲಿ ತಾನಾಗಿ ಹಬ್ಬಿದ ಬ್ಲ್ಯಾಕ್‌ಬೆರಿ ಹಣ್ಣು ಕಿತ್ತದ್ದಕ್ಕೆ ಮರ್ಟಲ್ ಓಗ್ಡನ್ ಮಾತ್ರ ಕಟಕಟೆ ಹತ್ತಬೇಕಾಯಿತು.

ಮರ್ಟಲ್ ನಮ್ಮ ಜೊತೆ ಶಾಲೆಯ ಅಡುಗೆಮನೆಯಲ್ಲಿ ದುಡಿಯುವವಳು. ಕಳ್ಳಿ ಎಂದು ತೀರ್ಪಾದರೆ ಕೆಲಸ ಹೋದಂತೆಯೇ. ಹೀಗಾಗಿ ನಾವು ನಾಲ್ಕಾರು ಹೆಂಗಸರು ಅವಳ ಬೆನ್ನಿಗೆ ಹೋಗಿದ್ದೆವು.

"ಕಾಡುಗಿಡದ ಹಣ್ಣು ತಿನ್ನೋಕೆ ಕಿತ್ರೆ ಕಳ್ಳತನ ಅಲ್ಲಮ್ಮಾ," ವಕೀಲೆ ಶೋನಾ ಕೋರ್ಟಿನ ಬಾಗಿಲಲ್ಲೇ ವಿವರಿಸಿದಳು. "ಮಾರೋಕೆ ಅಂತ ಕಿತ್ರೆ ಕಳ್ಳತನ."

"ಹೊಟ್ಟೆ ತುಂಬಿಸ್ಕೋಬಹುದು, ಜೇಬು ತುಂಬಿಸ್ಕೋಬಾರ್ದು! ಎಷ್ಟು ದೊಡ್ಡ ಮನಸ್ಸು ಕಣೇ ನಿಮ್ಮ ಕಾನೂನಿಗೆ!" ಎಂದಳು ಮರ್ಟಲ್.

"ದಮ್ಮಯ್ಯ, ಇದನ್ನ ಒಳಗೆ ಹೇಳ್ಬೇಡಿ."

ಒಳಗೆ ಗುಡ್ಡದ ಮಾಲೀಕರ ಮ್ಯಾನೇಜರ್ ಕಾಲ್ವರ್ಟ್ ಸಾಕ್ಷಿಗೆ ನಿಂತ. ಜಾಮ್ ಬಾಟಲಿಯೊಂದನ್ನು ಎತ್ತಿ ತೋರಿಸಿದ. "ಚರ್ಚಿನ ಹಾಲ್‌ನಲ್ಲಿ ಈಕೆ ಇದನ್ನ ಮಾರಾಟಕ್ಕಿಟ್ಟಿದ್ರು. ನಾನೇ ಕೊಂಡೆ."

ಶೋನಾ ಎದ್ದಳು. "ಯಾರ ಕೈಯಿಂದ?"

"ಮೇಜಿನ ಮೇಲಿತ್ತು."

"ಮೇಜು ಮಾರ್ತಾ?"

ನಮ್ಮ ಸಾಲಿನಿಂದ ನಗು ಸಿಡಿಯಿತು. ಮ್ಯಾಜಿಸ್ಟ್ರೇಟರ ಪೀಠದ ನಡುವೆ ಕುಳಿತಿದ್ದ ಹಿರಿಯಾಕೆ ನಮ್ಮತ್ತ ಕಣ್ಣು ಬಿಟ್ಟರು.

"ಅಲ್ಲಿ ಯಾರೂ ಇರ್ಲಿಲ್ಲ. ದುಡ್ಡನ್ನ ತಟ್ಟೆ ಕೆಳಗಿಟ್ಟು ಬಂದೆ."

"ಬೆಲೆ ಬರೆದಿತ್ತಾ?"

"ಇಲ್ಲ. ಅಂದಾಜು ಮಾಡ್ದೆ."

"ಚೀಟಿ ಅಂಟಿಸಿದ್ದಾರಲ್ಲ, ಓದಿ."

ಕಾಲ್ವರ್ಟ್ ಬಾಟಲಿ ತಿರುಗಿಸಿ ಓದಿದ. "'ವೃದ್ಧರ ಚಹಾಕ್ಕೆ. ಬೇರೆಯವರು ಮುಟ್ಟಬೇಡಿ.'"

"ಪರವಾಗಿಲ್ವೇ, ಓದೋಕೆ ಬರುತ್ತೆ ಇವನಿಗೆ!" ಮರ್ಟಲ್ ಕಟಕಟೆಯಿಂದಲೇ ಕೂಗಿದಳು. "ನಾನು ನೀರು ಕಾಯೋಕಿಟ್ಟು ಬರೋಷ್ಟ್ರಲ್ಲಿ ಹೊತ್ಕೊಂಡು ಹೋಗಿದ್ದಾನೆ ಮೇಡಂ! ಪಾಪ, ಮುದುಕರು ಬರೀ ಬೆಣ್ಣೆ ಸವರ್ಕೊಂಡು ಸ್ಕೋನ್ ಬನ್ನು ತಿಂದ್ರು."

"ಸುಮ್ನಿರಿ ಮಿಸೆಸ್ ಓಗ್ಡನ್," ಎಂದರು ಹಿರಿಯಾಕೆ. ತುಟಿ ಮಾತ್ರ ಅವರ ಮಾತು ಕೇಳುತ್ತಿರಲಿಲ್ಲ.

ಶೋನಾ ಬಿಡಲಿಲ್ಲ. "ಇನ್ನೊಬ್ಬರ ವಸ್ತು, ಅವರನ್ನ ಕೇಳದೆ ತಗೊಂಡ್ರಿ. ವಾಪಸ್ ಕೊಡೋ ಯೋಚನೆ ಇತ್ತಾ?"

"ಇಲ್ಲ, ಆದ್ರೆ ದುಡ್ಡು ಕೊಟ್ಟಿದ್ದೀನಲ್ಲ!"

"ದುಡ್ಡು ಕೊಡೋಕೆ ಸಿದ್ಧ ಇದ್ರೂ ಅದು ಅಪ್ರಾಮಾಣಿಕ ಆಗಬಹುದು ಅಂತ ಇದೇ ಕಳ್ಳತನದ ಕಾಯ್ದೆ ಹೇಳುತ್ತೆ ಸ್ವಾಮಿ. ಈಗ ನೀವೇ ಹೇಳಿ. ಇವರು ಮಾರಿದ್ರಾ, ನೀವು ಎತ್ಕೊಂಡ್ರಾ?"

ಕಾಲ್ವರ್ಟ್ ಬಾಟಲಿಯನ್ನು ಕೈ ಸುಟ್ಟವನಂತೆ ಕೆಳಗಿಟ್ಟ. ಊರಿಗೆಲ್ಲ ಕಳ್ಳರನ್ನು ಹುಡುಕಿಕೊಡುತ್ತಿದ್ದ ಗಂಡು ಈಗ ತನ್ನನ್ನೇ ಹಿಡಿದುಕೊಡಬೇಕಾಗಿ ಬಂತು!

"ಅವರು ಮಾರ್ಲಿಲ್ಲ," ಎಂದ ಕೊನೆಗೆ.

ಪೀಠದವರು ಒಳಗೆ ಹೋದವರು ಕೂತೆದ್ದಷ್ಟೇ ಬೇಗ ಬಂದರು. ಮಾರಾಟವೇ ಇಲ್ಲ, ಕಳ್ಳತನವೂ ಇಲ್ಲ. ಬಿಡುಗಡೆ.

ನಾವು ಚಪ್ಪಾಳೆ ತಟ್ಟಬೇಕೆನ್ನುವಷ್ಟರಲ್ಲಿ ಮರ್ಟಲ್ ಕಟಕಟೆ ಇಳಿದಾಗಿತ್ತು. "ಏಳ್ರೇ, ಇನ್ನೂ ಆಲೂಗೆಡ್ಡೆ ಸುಲಿದಿಲ್ಲ. ಮಕ್ಕಳು ತಟ್ಟೆ ಬಡೀತಿರ್ತಾರೆ!"