ಬದುಕಿದ್ದವರ ಬೊಜ್ಜ

ಅಶ್ವಿತಾ ಜಗಲಿಯಲ್ಲಿ ಕ್ಯಾಮೆರಾ ಸಜ್ಜುಮಾಡುವಷ್ಟರಲ್ಲಿ ಶಶಿಪ್ರಭಾ ನಾಲ್ಕು ಸಲ ಅಡುಗೆಮನೆಗೆ ಹೋಗಿ ಬಂದಿದ್ದರು. ಒಲೆಯ ಮೇಲೆ ಏನೂ ಇರಲಿಲ್ಲ. ಕೂತಲ್ಲಿ ಕೂರಲಾಗುತ್ತಿರಲಿಲ್ಲ, ಅಷ್ಟೆ.

ಅಶ್ವಿತಾ ಮೂಡುಬಿದಿರೆಯ ಕಾಲೇಜೊಂದರಲ್ಲಿ ಪಾಠ ಮಾಡುವವಳು. ಕುವೈತಿನ ಯುದ್ಧ ಈ ಕಡೆಯ ಮನೆಗಳಿಗೆ ಏನು ಮಾಡಿತು ಎಂದು ಸಾಕ್ಷ್ಯಚಿತ್ರ ತೆಗೆಯುತ್ತಿದ್ದಳು. ಬೆಳುವಾಯಿಯಲ್ಲಿ ಯಾರನ್ನು ಕೇಳಿದರೂ ತೋರಿಸಿದ್ದು ಇದೇ ಮನೆ. ಉಳಿದವರೆಲ್ಲ ಕುವೈತಿನಿಂದ ಬರಿಗೈಯಲ್ಲಿ ಬಂದವರು. ಶಶಿಪ್ರಭಾರ ಗಂಡ ಕಮಲಾಕ್ಷ ಶೆಟ್ಟರು ತಮ್ಮದೇ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟ ಮುಗಿದ ಮೇಲೆ ಬಂದವರು. ಇಂಥದ್ದನ್ನು ಯಾವ ಕ್ಯಾಮೆರಾ ಬಿಟ್ಟೀತು?

ಶೆಟ್ಟರಿಗೂ ಹೇಳುವ ಉಮೇದು. ತೊಂಬತ್ತನೇ ಇಸವಿ, ಹೋಟೆಲಿನ ಕೆಲಸ ಬಿಟ್ಟು ಓಡಿದ್ದು, ಮರಳುಗಾಡಿನಲ್ಲಿ ಬಸ್ಸು ಮಗುಚಿದ್ದು, ಹೆಸರು ಹೇಳಲೂ ಆಗದೆ ಆಸ್ಪತ್ರೆಯಲ್ಲಿ ಬಿದ್ದದ್ದು, ಎಲ್ಲ ಹೇಳಿದರು. ಅಷ್ಟರಲ್ಲಿ ಕುವೈತಿನಲ್ಲಿದ್ದ ತೋಡಾರು ಊರಿನವರೊಬ್ಬರು ಮರಳಿ ಬಂದು, ಆ ಬಸ್ಸಿನವರು ಯಾರೂ ಉಳಿದಿಲ್ಲ ಎಂದಿದ್ದರು. ಹೆಣವಿಲ್ಲ, ಕಾಗದವಿಲ್ಲ. ವರ್ಷವಾದರೂ ಕಾಯಬೇಕಿತ್ತು. ಎರಡು ತಿಂಗಳು ಚಿಲ್ಲರೆಗೇ ಬೊಜ್ಜ ನಡೆಯಿತು. ಸತ್ತವರಿಗೆ ಎಲೆ ಹಾಕಿ ಬಡಿಸಿ, ಊರಿಗೆಲ್ಲ ಊಟ ಹಾಕಿ ಕಳಿಸಿಕೊಟ್ಟದ್ದಾಯಿತು. ಅದರ ಹದಿನೆಂಟನೆಯ ದಿನ ಶೆಟ್ಟರು ಬೆಳುವಾಯಿಯಲ್ಲಿ ಬಸ್ಸಿಳಿದರು.

ಬೊಜ್ಜ ಮಾಡಿಸಿದ್ದು ಯಾರು ಎಂದು ಅವರು ಅಂಗಳದಲ್ಲೇ ಕೇಳಿದರು. ಅಣ್ಣ ರಮಾನಾಥ ಶೆಟ್ಟರು ತಾನು ಎಂದರು. ಗದ್ದೆ ಪಾಲಾಗುವ ಹೊತ್ತು ಅದು. ತನ್ನ ಸಾವೇ ಅಣ್ಣನಿಗೆ ಬೇಕಿತ್ತು ಎಂದು ಇವರು ತೀರ್ಮಾನಿಸಿಬಿಟ್ಟರು. ತೋಡಿನ ಆಚೆ ದಡದಲ್ಲೇ ಅಣ್ಣನ ಮನೆ. ಮೂವತ್ತೈದು ವರ್ಷದಲ್ಲಿ ಅಲ್ಲಿ ಒಂದು ಗುಟುಕು ನೀರು ಮುಟ್ಟಿಲ್ಲ. ಹಠದಲ್ಲಿ ಈ ಶೆಟ್ಟರನ್ನು ಮೀರಿಸುವವರು ಊರಲ್ಲಿಲ್ಲ.

"ಜಾಗದ ಆಸೆ," ಎಂದರು ಶೆಟ್ಟರು, ಕ್ಯಾಮೆರಾವನ್ನೇ ನೋಡುತ್ತ. "ಅದನ್ನೂ ಹಾಕಿ ನೀವು. ಹೆಸರು ಸಮೇತ ಹಾಕಿ."

ಅಶ್ವಿತಾ ತಲೆಯಾಡಿಸಿದಳು. ಬರುವ ಶನಿವಾರ ಕಾಲೇಜಿನಲ್ಲಿ ಪ್ರದರ್ಶನ, ತೋಡಿನ ಆಚೆಯವರಿಗೂ ಕರೆ ಹೋಗಿದೆ ಎಂದಳು. ಎಂಬತ್ತು ದಾಟಿದ ರಮಾನಾಥ ಶೆಟ್ಟರು ಮೊಮ್ಮಕ್ಕಳ ನಡುವೆ ಕೂತು ಇದನ್ನು ಕೇಳಬೇಕು. ಮತ್ತೆ ಅಡುಗೆಮನೆಗೆ ಹೊರಟಿದ್ದ ಶಶಿಪ್ರಭಾ ಬಾಗಿಲಲ್ಲೇ ನಿಂತರು.

ಅಸಲಿಗೆ ಭಾವ ರಮಾನಾಥ ಶೆಟ್ಟರು ಬೊಜ್ಜ ಬೇಡವೆಂದೇ ಹೇಳಿದ್ದರು. ವರ್ಷ ಕಾಯುವ ಎಂದಿದ್ದರು. ದನದ ಹಟ್ಟಿಯ ಹಿಂದೆ ಅವರನ್ನು ತಡೆದು, ಕೈಮುಗಿದು ಮಾಡಿಸಿದ್ದು ಶಶಿಪ್ರಭಾ. ಕಣ್ಣು ಮುಚ್ಚಿದರೆ ಗಂಡ ನೀರು ಕೇಳುತ್ತಿದ್ದರು. ಸತ್ತಿದ್ದರೆ ಎಲೆ ಬಡಿಸುವವರಿಲ್ಲದೆ ಹಸಿದು ಅಲೆಯುತ್ತಾರಲ್ಲ ಎಂಬ ಹೆದರಿಕೆ ಒಂದು. ಅದಕ್ಕಿಂತ ದೊಡ್ಡದು, ಗೇಟಿನ ಸದ್ದಿಗೆಲ್ಲ ಎದ್ದು ಓಡಿ ಓಡಿ ತಮಗೇ ಸಾಕಾಗಿಹೋಗಿತ್ತು. ಗಂಡ ಮರಳಿ ಬಂದ ದಿನ ಶಶಿಪ್ರಭಾ ಬಾಯಿ ತೆರೆಯುವ ಮೊದಲೇ ಭಾವ ತಪ್ಪನ್ನು ತಲೆಮೇಲೆ ಹಾಕಿಕೊಂಡರು. ಆ ಮೇಲೆ ಬಾಯಿ ತೆರೆಯಲು ಧೈರ್ಯ ಬರಲಿಲ್ಲ. ಹೇಡಿತನಕ್ಕೆ ಬೇರೆ ಹೆಸರು ಕೊಟ್ಟು ಪ್ರಯೋಜನವಿಲ್ಲ.

ಅಶ್ವಿತಾ ಕ್ಯಾಮೆರಾ ನಿಲ್ಲಿಸಲು ಕೈ ಚಾಚಿದಳು. ಶಶಿಪ್ರಭಾ ಬೇಡವೆಂದು ಸನ್ನೆ ಮಾಡಿ, ಗಂಡನ ಪಕ್ಕ ಬಂದು ನಿಂತರು.

"ಬೊಜ್ಜ ಮಾಡಿಸಿದ್ದು ನಾನು. ಭಾವನದ್ದು ಏನೂ ತಪ್ಪು ಇಲ್ಲ. ನಾನು ಹೇಳಿದ್ದಕ್ಕೆ ಮಾಡಿದ್ದು."

ಶೆಟ್ಟರು ಕೂತಲ್ಲೇ ಹೆಂಡತಿಯ ಕಡೆ ತಿರುಗಿದರು.

"ಎಷ್ಟು ದಿನ ಕಾದಿದ್ದಿ?"

"ಎಪ್ಪತ್ತೊಂದು," ಎಂದರು ಶಶಿಪ್ರಭಾ. "ಮತ್ತೆ ಆಗಲಿಲ್ಲ."

ಶೆಟ್ಟರು ಅಂಗಿಗೆ ಸಿಕ್ಕಿಸಿದ್ದ ಮೈಕನ್ನು ತೆಗೆದು ಕುರ್ಚಿಯ ಮೇಲಿಟ್ಟರು. ಈಗ ಬೈದಾರು, ಅಳುವುದಾದರೂ ಅತ್ತಾರು ಎಂದು ಶಶಿಪ್ರಭಾ ಕಾದರು. ಎರಡೂ ಆಗಲಿಲ್ಲ. ಶೆಟ್ಟರು ಮೆಟ್ಟಿಲಿಳಿದು ಚಪ್ಪಲಿ ಹಾಕಿಕೊಂಡರು.

"ಅಣ್ಣನಲ್ಲಿಗೆ ಹೋಗ್ತೇನೆ."

ಶಶಿಪ್ರಭಾ ತಮ್ಮ ಚಪ್ಪಲಿಗೆ ಕಾಲು ತೂರಿಸಿದರು.

"ನೀನು ಬರುವುದು ಬೇಡ," ಎಂದರು ಶೆಟ್ಟರು. "ಇಲ್ಲೇ ಇರು."

ಯಾವಾಗ ಬರ್ತೀರಿ ಎಂದು ಶಶಿಪ್ರಭಾ ಎರಡು ಸಲ ಕೇಳಿದರು. ಶೆಟ್ಟರು ತೋಡಿನ ಮೇಲಿನ ಕಾಲುಸಂಕ ದಾಟಿ ಆಚೆ ದಡ ಸೇರಿದರು, ತಿರುಗಿ ನೋಡಲಿಲ್ಲ.