ಕೊನೆಯ ಮೂವತ್ತು ಪುಟ

ವರಲಕ್ಷ್ಮಿ ಸುಳ್ಳು ಹೇಳುವ ಹೆಂಗಸಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಈ ಕಥೆಯಲ್ಲಿ ಅವಳು ಹೇಳಿದ್ದು ಒಂದೇ ಸುಳ್ಳಾದರೂ ಅದು ಮೂವತ್ತು ಪುಟದಷ್ಟು ಉದ್ದವಿತ್ತು.

ಅದಕ್ಕೆ ಅರ್ಧ ಕಾರಣ ಗ್ರಂಥಾಲಯದ ರಂಜಿನಿ. ದಿನಾ ಹೊಸೂರಿನಿಂದ ಬಸ್ಸಿನಲ್ಲಿ ಬಂದು ತಳಿ ರಸ್ತೆಯ ಆ ಪುಟ್ಟ ಶಾಖಾ ಗ್ರಂಥಾಲಯದ ಬಾಗಿಲು ತೆರೆಯುವ ರಂಜಿನಿಗೆ ಒಂದು ಹುಚ್ಚು, ಮುಖ ನೋಡಿ ಪುಸ್ತಕ ಕೊಡುವುದು. ಡಿಸೆಂಬರ್ ಬಂತೆಂದರೆ ಅದು ಇನ್ನೂ ಹೆಚ್ಚುತ್ತದೆ. ಒಳಗಿನ ಸಿಮೆಂಟು ನೆಲ ಚಳಿಗೆ ಕಾಲು ಕೊರೆಯುವುದರಿಂದ ಭಾನುವಾರ ಕುರ್ಚಿಗಳನ್ನೆಲ್ಲ ಅಂಗಳದ ಬಿಸಿಲಿಗೆ ಎಳೆದು ‘ಚಳಿಗಾಲದ ಓದು’ ನಡೆಸುತ್ತಾಳೆ. ಓದಿದವರು ಹೇಳಬೇಕು, ಓದದವರು ಕೇಳಬೇಕು, ಎಲ್ಲರಿಗೂ ಶುಂಠಿ ಕಾಫಿ. ಬಾಗಿಲ ಪಕ್ಕದ ಹಲಗೆಯಲ್ಲಿ ಯಾರು ಏನು ಓದಬೇಕೆಂಬ ಪಟ್ಟಿ: ಮಂಡಿ ನೋವಿನವರಿಗೆ ಒಂದು, ಮೊಮ್ಮಕ್ಕಳಿಗೆ ಕಥೆ ಹೇಳಿ ಹೇಳಿ ಸರಕು ಮುಗಿದವರಿಗೆ ಒಂದು, ಬೇಗ ಸಿಟ್ಟು ಬರುವವರಿಗೆ ಒಂದು. ಸಿಟ್ಟಿನವರ ಪುಸ್ತಕವನ್ನು ಯಾರೂ ಎಲ್ಲರೆದುರು ಕೇಳುವುದಿಲ್ಲ. ಆದರೆ ಅದು ಬೀರುವಿನಲ್ಲಿ ಒಂದು ದಿನವೂ ಇರುವುದಿಲ್ಲ.

ವರಲಕ್ಷ್ಮಿ ರಾಯಕೋಟೆ ಕಡೆಯ ಹೆಣ್ಣು, ಹತ್ತನೆಯ ತರಗತಿಯವರೆಗೆ ತಮಿಳಿನಲ್ಲಿ ಓದಿದವಳು. ಮನೆಯಲ್ಲಿ ಕನ್ನಡ, ಓದಿಗೆ ತಮಿಳು, ಸಂತೆಯ ಚೌಕಾಸಿಗೆ ತೆಲುಗು. ಈ ಕಡೆ ಅದೇನು ದೊಡ್ಡ ಸಂಗತಿಯಲ್ಲ. ಅವಳ ಮುಖದಲ್ಲಿ ರಂಜಿನಿಗೆ ಏನು ಕಂಡಿತೋ, ರಟ್ಟು ಕಿತ್ತುಹೋಗಿ ಹೆಸರೇ ಇಲ್ಲದ ಒಂದು ತಮಿಳು ಕಾದಂಬರಿಯನ್ನು ಕೈಗಿಟ್ಟಳು. “ಚಳಿಗಾಲಕ್ಕೆ ದಪ್ಪ ಪುಸ್ತಕವೇ ಆಗಬೇಕು ಅಕ್ಕ. ತಗೊಂಡು ಹೋಗಿ.”

ಮನೆಯಲ್ಲಿ ಅತ್ತೆ ಪಾಪಮ್ಮ ಪುಸ್ತಕದ ಗಾತ್ರ ನೋಡಿ ಮೂಗು ಮುರಿದಳು. “ನೀನು ಇದ್ನ ಹಿಡ್ಕಂಡು ಕುಂತ್ರೆ ಅವರೆ ಯಾರು ಹಿದುಕ್ತಾರೆ?”

ಕೇಳುವಂಥ ಪ್ರಶ್ನೆಯೇ. ಅದು ಅವರೆಯ ಕಾಲ. ಬೆಳಿಗ್ಗೆ ನೆನೆಹಾಕಿದ ಕಾಳನ್ನು ಮಧ್ಯಾಹ್ನ ಜಗಲಿಯಲ್ಲಿ ಕೂತು, ಒಂದೊಂದನ್ನೇ ಬೆರಳಲ್ಲಿ ಒತ್ತಿ ಸಿಪ್ಪೆಯಿಂದ ಬೇಳೆ ಜಾರಿಸಬೇಕು. ದಿನಕ್ಕೆ ಎರಡು ಸೇರು ಅತ್ತೆ ಸೊಸೆಯರ ಪಾಲು. ಹಾಗಾಗಿ ವರಲಕ್ಷ್ಮಿ ಬೆಳಗಿನ ಹೊತ್ತು ಒಲೆಯ ಮುಂದೆ ಹತ್ತಿಪ್ಪತ್ತು ಪುಟ ಓದಿಕೊಂಡು, ಮಧ್ಯಾಹ್ನ ಬೇಳೆ ಹಿದುಕುತ್ತಾ ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳತೊಡಗಿದಳು. ಮೊದಲ ದಿನ ಪಾಪಮ್ಮ ಕೇಳಿಸಿಕೊಳ್ಳದವಳ ಹಾಗೆ ಕೂತಿದ್ದಳು. ನಾಲ್ಕನೆಯ ದಿನ, “ಬೇಗ ಹೇಳು, ನಿನ್ನೆ ಎಲ್ಲಿಗೆ ಬಿಟ್ಟಿದ್ವಿ?” ಅಂದಳು.

ಕಥೆ ಸಮುದ್ರದ ದಡದ ಒಂದು ಮನೆಯದು. ಚಿನ್ನದ ಸರ ಕಾಣೆಯಾಯಿತೆಂದು ಅತ್ತೆಯೊಬ್ಬಳು ಸೊಸೆ ತಂಗಂಳನ್ನು ಮನೆಯಿಂದ ಆಚೆ ಹಾಕುತ್ತಾಳೆ. ತಂಗಂ ದೂರದ ಬಂದರಿನ ಊರು ಸೇರಿ ಇಡ್ಲಿ ಮಾರಿ ಬದುಕುತ್ತಾಳೆ. ಪಾಪಮ್ಮ ಶುರುವಿನಿಂದಲೂ ಕಥೆಯ ಅತ್ತೆಯ ಕಡೆ. “ಸುಮ್‌ಸುಮ್ನೆ ಯಾರಾದ್ರೂ ಅನುಮಾನ ಪಡ್ತಾರಾ? ಅವ್ಳೇ ತಕ್ಕಂಡಿರ್ತಾಳೆ, ನೋಡ್ತಿರು.” ಸಂಕ್ರಾಂತಿಗೆ ಒಂದು ವಾರವಿದ್ದಾಗ ಆ ಸರ ಅಕ್ಕಿ ಡಬ್ಬದ ತಳದಲ್ಲಿ ಸಿಕ್ಕಿತು. ಪಾಪಮ್ಮ ತಲೆಯೆತ್ತದೆ ಉಳಿದ ಕಾಳನ್ನೆಲ್ಲ ಹಿದುಕಿ ಮುಗಿಸಿದಳು. ವರಲಕ್ಷ್ಮಿಯೂ ಅತ್ತೆಯ ಮುಖ ನೋಡಲಿಲ್ಲ.

ನೋಡದಿರಲು ಕಾರಣವಿತ್ತು. ಎಂಟು ವರ್ಷದ ಹಿಂದೆ, ಮದುವೆಯಾದ ಹೊಸದರಲ್ಲಿ, ಪಾಪಮ್ಮನ ಕಿವಿಯ ಒಂದು ಓಲೆ ಕಳೆದುಹೋಗಿತ್ತು. ಯಾರೂ ಯಾರನ್ನೂ ಏನೂ ಅನ್ನಲಿಲ್ಲ. ಆದರೆ ಒಂದು ಮಧ್ಯಾಹ್ನ ವರಲಕ್ಷ್ಮಿ ನೀರು ತಂದು ಒಳಗೆ ಬಂದರೆ, ಅವಳ ತವರಿನ ಟ್ರಂಕು ಬಾಯಿ ತೆರೆದಿತ್ತು. ಸೀರೆಗಳೆಲ್ಲ ಚಾಪೆಯ ಮೇಲೆ ಹರಡಿದ್ದವು. ಪಾಪಮ್ಮ ಅದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಮೂರು ದಿನದ ಮೇಲೆ ಓಲೆ ಕೊಟ್ಟಿಗೆಯ ಗೊಬ್ಬರದಲ್ಲಿ ಸಿಕ್ಕಿತು. “ಸಿಕ್ತು” ಎಂದಷ್ಟೇ ಹೇಳಿದ ಪಾಪಮ್ಮ ಮತ್ತೆ ಆ ಮಾತೆತ್ತಲಿಲ್ಲ. ಅಂದಿನಿಂದ ಅತ್ತೆ ಸೊಸೆಯರಿಗೆ ಜಗಳವೂ ಇಲ್ಲ, ಮಾತೂ ಇಲ್ಲ. ಉಪ್ಪು, ನೀರು, ಹಸುವಿಗೆ ಹುಲ್ಲು, ಅಷ್ಟೇ ಮಾತು. ಈ ಚಳಿಗಾಲದಲ್ಲಿ ಮೊದಲ ಬಾರಿಗೆ ಆ ಮನೆಯ ಜಗಲಿಯಲ್ಲಿ ಇಬ್ಬರೂ ನಕ್ಕಿದ್ದರು, ವಾದ ಮಾಡಿದ್ದರು. ವರಲಕ್ಷ್ಮಿಗೆ ಆ ಎರಡು ಗಂಟೆ ಎಷ್ಟು ಬೇಕಾಗಿಬಿಟ್ಟಿತ್ತೆಂದರೆ, ಅವರೆ ಮುಗಿಯುತ್ತದಲ್ಲಾ ಎಂದು ಸಂಕಟವಾಗುತ್ತಿತ್ತು.

ಸರ ಸಿಕ್ಕಿದ ಮೇಲೆ ಕಥೆಯ ಮುದುಕಿ ಸೊಸೆಯನ್ನು ಹುಡುಕಿಕೊಂಡು ಊರೂರು ಅಲೆದಳು. ಮುನ್ನೂರ ಹನ್ನೆರಡನೆಯ ಪುಟದಲ್ಲಿ ತಂಗಂ ಮನೆಯ ಬಾಗಿಲಿಗೆ ಬಂದು, “ತಂಗಂ” ಎಂದು ಕೂಗಿದಳು. ಅಲ್ಲಿಗೆ ಪುಸ್ತಕ ನಿಂತಿತು. ಕೊನೆಯ ಪುಟಗಳೇ ಇರಲಿಲ್ಲ, ಯಾವ ಕಾಲದಲ್ಲಿ ಕಿತ್ತುಹೋಗಿದ್ದವೋ.

ಮಧ್ಯಾಹ್ನ ಪಾಪಮ್ಮ ಕಾಳಿನ ಪಾತ್ರೆ ಮುಂದಿಟ್ಟುಕೊಂಡು ಕಾದಿದ್ದಳು. “ಬಾಗ್ಲು ತೆಗುದ್ಳಾ ಇಲ್ವಾ?”

ಪುಟವಿಲ್ಲ ಎನ್ನಬಹುದಿತ್ತು. ಆದರೆ ಅತ್ತೆಯ ಬೆರಳುಗಳು ಕಾಳಿನ ಮೇಲೆ ಹಾಗೇ ನಿಂತುಬಿಟ್ಟಿದ್ದವು. “ತೆಗುದ್ಳು ಅತ್ತೆ,” ಅಂದುಬಿಟ್ಟಳು ವರಲಕ್ಷ್ಮಿ. ಒಂದು ಸಲ ಬಾಯಿ ತೆರೆದ ಮೇಲೆ ಉಳಿದದ್ದು ತಾನಾಗಿ ಬಂತು. ತಂಗಂ ಕಾಲು ತೊಳೆಯಲು ನೀರು ಕೊಟ್ಟಳು. ಸರದ ಮಾತೇ ಎತ್ತದೆ ಬಿಸಿ ಇಡ್ಲಿ ಬಡಿಸಿದಳು. ಮೂರು ದಿನ ಇಟ್ಟುಕೊಂಡು, ನಾಲ್ಕನೆಯ ದಿನ ಇಬ್ಬರೂ ಒಟ್ಟಿಗೆ ಬಸ್ಸು ಹತ್ತಿದರು.

“ಆ ಮುದುಕಿ ಏನೂ ಅನ್ನಲಿಲ್ವಾ?”

ವರಲಕ್ಷ್ಮಿ ತಡವರಿಸಿದಳು. ಮುದುಕಿಯ ಬಾಯಲ್ಲಿ ಏನು ಹೇಳಿಸಬೇಕೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎಂಟು ವರ್ಷದಿಂದ ಗೊತ್ತಿತ್ತು. ಅದನ್ನು ಅತ್ತೆಯ ಎದುರು ಕೂತು ಹೇಳುವ ಧೈರ್ಯ ಬರಲಿಲ್ಲ. “ಇಲ್ಲ. ಸುಮ್ನೆ ಉಂಡ್ಳು.”

ಪಾಪಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಸಂಜೆಯೊಳಗೆ ಬೀದಿಗೆಲ್ಲ ಆ ಕೊನೆ ಗೊತ್ತಾಗಿತ್ತು. ಕೋಸಿನ ತೋಟದ ಶ್ಯಾಮಣ್ಣನಿಗಂತೂ ಎರಡು ಸಲ ಹೇಳಿದಳು.

ವರಲಕ್ಷ್ಮಿ ಪುಸ್ತಕ ಹಿಂದಿರುಗಿಸುವಾಗ ಕೊನೆಯ ಪುಟಗಳಿಲ್ಲವೆಂದು ಹೇಳಿದ್ದಳು. ಅದೊಂದು ತಪ್ಪು ಮಾಡಿದಳು. ರಂಜಿನಿ ಸುಮ್ಮನಿರುವ ಪೈಕಿಯಲ್ಲ. ತನ್ನಂಥ ಗ್ರಂಥಪಾಲಕರ ವಾಟ್ಸಪ್ ಗುಂಪಿನಲ್ಲಿ ತಂಗಂ ಕಥೆ ಹೇಳಿ ಹುಡುಕಾಡಿ, ಕೃಷ್ಣಗಿರಿಯಲ್ಲಿ ಯಾರದೋ ಮನೆಯಲ್ಲಿದ್ದ ಪೂರ್ತಿ ಪ್ರತಿಯೊಂದನ್ನು ತರಿಸಿಕೊಂಡಳು, ಒಂದು ಮಾತೂ ಹೇಳದೆ.

ಜನವರಿಯ ಕೊನೆಯ ಭಾನುವಾರ, ತಾನೂ ಬರುತ್ತೇನೆಂದು ಪಾಪಮ್ಮ ಹಟ ಹಿಡಿದಳು. “ಅಂಥಾ ಕಥೆ ಕೊಟ್ಟೋಳ್ನ ಒಂದ್ಸಲ ನೋಡಬೇಕು ಕಣಮ್ಮಿ.” ಹೊಸ ಸೀರೆ ಉಟ್ಟು ಬಂದು ಮುಂದಿನ ಸಾಲಿನಲ್ಲೇ ಕೂತಳು. ಹಿಂದೆ ಶ್ಯಾಮಣ್ಣನೂ ಇದ್ದ. ದಾಸಪ್ಪ ಎಂಬ ರೈತ ಎಲೆಕೋಸಿನ ಹುಳದ ಪುಸ್ತಕದ ಬಗ್ಗೆ ಇಪ್ಪತ್ತು ನಿಮಿಷ ಕೊರೆದು ಮುಗಿಸಿದ ಮೇಲೆ ರಂಜಿನಿ ಎದ್ದು ನಗುತ್ತಾ ಚೀಲಕ್ಕೆ ಕೈಹಾಕಿದಳು. “ಇವತ್ತು ವರಲಕ್ಷ್ಮಕ್ಕನಿಗೆ ಒಂದು ಉಡುಗೊರೆ. ಅವರ ಪುಸ್ತಕದಲ್ಲಿ ಇಲ್ಲದ ಕೊನೆಯ ಮೂವತ್ತು ಪುಟ ಸಿಕ್ಕಿದೆ. ಎಲ್ಲರಿಗೂ ಓದಿಬಿಡ್ತೀನಿ.”

ವರಲಕ್ಷ್ಮಿ ಬೇಡ ಎನ್ನಲು ಕೈಯೆತ್ತುವಷ್ಟರಲ್ಲಿ ರಂಜಿನಿ ಪುಟ ತೆರೆದಾಗಿತ್ತು. ಇಲ್ಲದ ಪುಟ ಎಂಬ ಮಾತು ಕೇಳಿ ಪಾಪಮ್ಮ ಸೊಸೆಯ ಕಡೆಗೊಮ್ಮೆ ತಿರುಗಿದಳು, ಮತ್ತೆ ಮುಂದೆ ನೋಡಿದಳು.

ರಂಜಿನಿ ಮುಖ್ಯವಾದ ಸಾಲುಗಳನ್ನು ಆರಿಸಿ ತಮಿಳಿನಲ್ಲಿ ಓದಿ, ಅದನ್ನೇ ಕನ್ನಡದಲ್ಲಿ ಹೇಳುತ್ತಾ ಹೋದಳು. ತಂಗಂ ಒಳಗೇ ಇದ್ದಾಳೆ. ದನಿ ಯಾರದೆಂದು ಅವಳಿಗೆ ಗೊತ್ತು. ಚಿಲಕದ ಮೇಲೆ ಕೈಯಿಡುತ್ತಾಳೆ, ಆದರೆ ತೆಗೆಯುವುದಿಲ್ಲ. ಹೊರಗಿನ ಹೆಜ್ಜೆಗಳು ದೂರವಾಗುವವರೆಗೂ ಹಾಗೇ ನಿಂತಿರುತ್ತಾಳೆ. ಮಾರನೆಯ ದಿನ ಎಂದಿನಂತೆ ಇಡ್ಲಿಗೆ ಒಲೆ ಹಚ್ಚುತ್ತಾಳೆ. ಮುದುಕಿ ಮತ್ತೆ ಬರುವುದಿಲ್ಲ. ಅಲ್ಲಿಗೆ ಪುಸ್ತಕ ಮುಗಿಯಿತು. ಒಬ್ಬಿಬ್ಬರು ಚಪ್ಪಾಳೆ ತಟ್ಟಿದರು.

ಶ್ಯಾಮಣ್ಣ ಮಾತ್ರ ಬಿಡಲಿಲ್ಲ. “ಇದೇನ್ ಪಾಪಕ್ಕ! ಬಾಗ್ಲು ತೆಗುದ್ಳು, ಇಡ್ಲಿ ಇಕ್ಕಿದ್ಳು ಅಂದಿದ್ದೆ? ಊರಿಗೆಲ್ಲ ಸುಳ್ಳು ಹೇಳ್ಬುಟ್ಟಿದ್ದೀಯಲ್ಲ!”

ಎಲ್ಲರೂ ನಕ್ಕರು. ವರಲಕ್ಷ್ಮಿ ತಲೆ ತಗ್ಗಿಸಿದಳು. ಹಿಂದೆ ತಾನು ಮಾಡದ ತಪ್ಪಿಗೆ ಈ ಹೆಂಗಸು ತನ್ನ ಟ್ರಂಕು ಜಾಲಾಡಿದ್ದಳು. ಈಗ ತಾನು ನಿಜವಾಗಿಯೂ ಮಾಡಿದ ತಪ್ಪಿಗೆ ನಾಲ್ಕು ಜನರ ಮುಂದೆ ಅವಳ ಮಾನ ಹೋಗುತ್ತಿದೆ. ನಾಳೆಯಿಂದ ಮತ್ತೆ ಉಪ್ಪು, ನೀರು, ಹುಲ್ಲು. ಕಣ್ಣು ತುಂಬಿ ಬಂತು.

ಪಾಪಮ್ಮ ಸೆರಗು ಕೊಡವಿಕೊಂಡು ಎದ್ದು ನಿಂತಳು. “ಅದು ಪುಸ್ತಕದ ಕೊನೆ ಕಣಪ್ಪ ಶ್ಯಾಮಣ್ಣ. ನಾನು ಹೇಳಿದ್ದು ನಮ್ಮನೆ ಕೊನೆ. ನಮ್ಮನೇಲಿ ಬಾಗ್ಲು ತೆಗೀತಾರೆ.”

ನಗು ನಿಂತಿತು. ಶ್ಯಾಮಣ್ಣ ಕಾಫಿ ಲೋಟದೊಳಗೆ ನೋಡತೊಡಗಿದ. ರಂಜಿನಿ ವರಲಕ್ಷ್ಮಿಯ ಮುಖ ನೋಡಿದಳು, ಮುದುಕಿಯ ಮುಖ ನೋಡಿದಳು, ಪುಸ್ತಕವನ್ನು ಮೆಲ್ಲಗೆ ಮುಚ್ಚಿ ಮುಂದಿನವರನ್ನು ಕರೆದಳು.

ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟು ಸಿಕ್ಕಿತು. ಜನರೆದುರು ಮಾನ ಉಳಿಸಿದ್ದಾಯಿತು, ಇನ್ನು ಬೈಗುಳ ಶುರುವಾಗುತ್ತದೆಂದು ವರಲಕ್ಷ್ಮಿ ಮೈ ಬಿಗಿಹಿಡಿದು ಕೂತಿದ್ದಳು. ಎರಡು ನಿಲ್ದಾಣ ಕಳೆದವು.

“ಪುಟ ಇಲ್ದೇ ಇದ್ರೆ ಇಲ್ಲ ಅನ್ನಬೇಕಾಗಿತ್ತು,” ಅಂದಳು ಪಾಪಮ್ಮ, ಕಿಟಕಿಯ ಆಚೆ ನೋಡುತ್ತಾ. “ಯಾಕೆ ಬಾಗ್ಲು ತೆಗ್ಸಿದೆ?”

“ಅಷ್ಟು ದೂರದಿಂದ ಬಂದೋಳ್ನ ಹಂಗೇ ಕಳ್ಸಕ್ಕಾಯ್ತದಾ ಅತ್ತೆ?”

ಪಾಪಮ್ಮ ತಲೆಯಾಡಿಸಿದಳು. “ಆದ್ರೂ ನಿನ್ ಕಥೇಲಿ ಒಂದು ಸರಿಗಿಲ್ಲ,” ಅಂದಳು. “ಆ ಮುದುಕಿ ಸುಮ್ನೆ ಉಂಡು ಎದ್ಬುಟ್ಳಲ್ಲ, ಅದು. ತಪ್ಪಾಯ್ತು ಕಣಮ್ಮಿ ಅನ್ನಬೇಕಾಗಿತ್ತು ಅವ್ಳು.” ಬಸ್ಸು ಹಳ್ಳ ಹಾರಿತು. ಪಾಪಮ್ಮ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡಳು. “ನಾನೂ ಅನ್ನಬೇಕಾಗಿತ್ತು. ಅವತ್ತೇ. ನಿನ್ ಟ್ರಂಕು ಮುಟ್ಟಬಾರ್ದಾಗಿತ್ತು ನಾನು. ತಪ್ಪಾಯ್ತು.”

ವರಲಕ್ಷ್ಮಿ ಅತ್ತೆಯ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಎಂಟು ವರ್ಷದ ಅಳು ಒಟ್ಟಿಗೇ ಬಂತು. ಬಿಕ್ಕಿ ಬಿಕ್ಕಿ ಅತ್ತಳು. ಕಂಡಕ್ಟರು ಎರಡು ಸಲ ತಿರುಗಿ ನೋಡಿದ.

“ಸಾಕು ಬುಡಮ್ಮಿ,” ಅಂದಳು ಪಾಪಮ್ಮ, ಕೈ ಮಾತ್ರ ಬಿಡಿಸಿಕೊಳ್ಳದೆ. “ನಾನೇನೋ ಬೈದೆ ಅನ್ಕತಾರೆ ಜನ.”